ತಾಡಪತ್ರಿ ಹರಿದರೂ ಮಾಸದ ನೀಲಿ

ಮೇ ತಿಂಗಳ ಕೊನೆಗೆ ಡೊಂಬಿವಲಿಯಿಂದ ದಾದರ್ ಕಡೆಗೆ ಲೋಕಲ್‌ನಲ್ಲಿ ಬರುವಾಗ ಕಿಟಕಿಯಾಚೆ ಸ್ವಲ್ಪ ನೋಡಿ. ಕುರ್ಲಾ ದಾಟಿ ಸಾಯನ್ ಹತ್ತಿರ ಬರುವಷ್ಟರಲ್ಲಿ ಚಾಳುಗಳ ಮಾಡೆಲ್ಲ ನೀಲಿ. ಮಳೆ ಹಿಡಿಯುವ ಮುಂಚೆ ಎಲ್ಲರೂ ಪ್ಲಾಸ್ಟಿಕ್ ಹೊದಿಸುತ್ತಾರೆ. ಊರಲ್ಲಿ ನಾವು ಟಾರ್ಪಾಲು ಅನ್ನುತ್ತಿದ್ದೆವು, ಇಲ್ಲಿ ಅದು ತಾಡಪತ್ರಿ. ಒಂದು ವರ್ಷ ಬಿಟ್ಟು ಅದೇ ತಾಡಪತ್ರಿ ನೋಡಿದರೆ ಬಿಸಿಲಿಗೆ ಚಿಂದಿ ಚಿಂದಿ. ಮುಟ್ಟಿದರೆ ಕೈಯಲ್ಲಿ ಉದುರುತ್ತದೆ. ಆದರೆ ಉದುರಿದ ಚೂರು ಮಾತ್ರ ಇನ್ನೂ ನೀಲಿಯೇ. ಪ್ಲಾಸ್ಟಿಕ್ ಸತ್ತಿದೆ, ಬಣ್ಣಕ್ಕೆ ಏನೂ ಆಗಿಲ್ಲ.

ಪ್ಲಾಸ್ಟಿಕ್‌ಗೆ ನೀಲಿ ಕೊಡಲು ಜಾಸ್ತಿ ಬಳಸುವ ಪುಡಿಯ ಹೆಸರು ತಾಮ್ರದ ಥ್ಯಾಲೊಸಯನಿನ್. ಬಣ್ಣದ ಪೇಟೆಯಲ್ಲಿ ಇಷ್ಟುದ್ದ ಹೆಸರು ಯಾರೂ ಹೇಳುವುದಿಲ್ಲ. 'ಸಿಪಿಸಿ ಬ್ಲೂ' ಅಂದರೆ ಮುಗಿಯಿತು. ಪತ್ರಿಕೆಯ ಬಣ್ಣದ ಪುಟ ಛಾಪಿಸುವ ನಾಲ್ಕು ಶಾಯಿಗಳಲ್ಲಿ ಸಯಾನ್ ಅಂತ ಒಂದಿದೆಯಲ್ಲ, ಅದರೊಳಗಿರುವುದೂ ಇದೇ.

ಇಂಥ ನೀಲಿ ತಯಾರಾಗುವ ಒಂದು ಕಾರ್ಖಾನೆಯ ಲ್ಯಾಬಿನಲ್ಲಿ ನನ್ನ ಕೆಲಸ. ಮಾಟುಂಗಾದಲ್ಲಿ ಹೋಟೆಲ್ ಇಟ್ಟಿರುವ ನಮ್ಮ ಮಾವನ ಪ್ರಕಾರ ಇದು ಕೆಲಸವೇ ಅಲ್ಲ. "ನೀಲಿ ಆಯ್ತಾ ಇಲ್ವಾ ಅಂತ ನೋಡ್ಲಿಕ್ಕೆ ಎಂ.ಎಸ್ಸಿ. ಬೇಕಾ ಮಾರಾಯ? ಕಣ್ಣು ಸಾಲುದಿಲ್ವಾ?" ಅಂತ ಕೇಳುತ್ತಾರೆ. ಪ್ರಶ್ನೆ ಸರಿಯಾಗಿಯೇ ಇದೆ. ಆದರೆ ಈ ವಸ್ತುವಿನ ವಿಷಯದಲ್ಲಿ ಕಣ್ಣನ್ನು ನಂಬಿದವನು ಕೆಟ್ಟ. ಇದನ್ನು ಮಾಡುವುದು ಸುಲಭ. ಮಾಡಿದ್ದು ಏನು ಅಂತ ಹೇಳುವುದೇ ಕಷ್ಟ. ಯಾಕೆ ಅನ್ನುವುದು ತಿಳಿಯಬೇಕಾದರೆ ಅಣುವಿನ ಆಕಾರದಿಂದಲೇ ಶುರು ಮಾಡಬೇಕು.

ನಾಲ್ಕು ದಳದ ಹೂವಿನ ರಂಗೋಲಿ ನೆನಪಿಸಿಕೊಳ್ಳಿ. ಪ್ರತಿ ದಳದ ಹೊರಗೆ ಒಂದು ಬೆಂಜೀನ್ ಉಂಗುರ. ದಳದಿಂದ ದಳಕ್ಕೆ ಸೇತುವೆಯ ಹಾಗೆ ಒಂದೊಂದು ಸಾರಜನಕ. ಹೂವಿನ ನಡುವೆ ಒಂದು ತೂತು. ಆ ತೂತಿಗೆ ಮುಖ ಮಾಡಿ ಇನ್ನೂ ನಾಲ್ಕು ಸಾರಜನಕ ಕೂತಿವೆ. ಒಳಗಿನ ಸುತ್ತನ್ನು ಎಣಿಸಿದರೆ 16 ಪರಮಾಣು: ಒಂದು ಇಂಗಾಲ, ಒಂದು ಸಾರಜನಕ, ಮತ್ತೆ ಇಂಗಾಲ, ಹೀಗೆ ಎಂಟೆಂಟು. ತೂತಿನಲ್ಲಿ ಎರಡು ಜಲಜನಕ ಇರಬಹುದು, ಇಲ್ಲವೇ ಅವುಗಳ ಜಾಗದಲ್ಲಿ ತಾಮ್ರ, ನಿಕಲ್, ಕೋಬಾಲ್ಟ್, ಸತು, ಕಬ್ಬಿಣ ಹೀಗೆ ಯಾವುದಾದರೂ ಲೋಹ ಬಂದು ಕೂರಬಹುದು. ಇಡೀ ಅಣು ದೋಸೆಯ ಹಾಗೆ ಚಪ್ಪಟೆ. ಅಗಲ ಸುಮಾರು 1.3 ನ್ಯಾನೊಮೀಟರ್.

ನಮ್ಮ ರಕ್ತದಲ್ಲಿರುವ ಹೀಮ್ ಇದರ ಹತ್ತಿರದ ನೆಂಟ. ಅದರ ನಡುವೆ ಕಬ್ಬಿಣ. ಎಲೆಯ ಹಸಿರು ಇನ್ನೊಬ್ಬ ನೆಂಟ, ಅದರ ನಡುವೆ ಮೆಗ್ನೀಸಿಯಂ. ಆದರೆ ಆ ಎರಡೂ ನಾಜೂಕು. ಹರಿವೆ ಸೊಪ್ಪು ಸ್ವಲ್ಪ ಹೊತ್ತು ಜಾಸ್ತಿ ಬೆಂದರೆ ಹಸಿರು ಹೋಗಿ ಕಂದಾಗುತ್ತದೆ, ಅಲ್ವಾ? ಥ್ಯಾಲೊಸಯನಿನ್ ಹಾಗಲ್ಲ. ಆಮ್ಲ, ಕ್ಷಾರ, ಬಿಸಿಲು, ಬಿಸಿ ಯಾವುದಕ್ಕೂ ಸುಲಭಕ್ಕೆ ಬಗ್ಗುವುದಿಲ್ಲ. ಉಂಗುರದ ತುಂಬ ಎಲೆಕ್ಟ್ರಾನುಗಳು ಹಂಚಿಕೊಂಡು ಓಡಾಡುತ್ತವೆ. ಹಾಗಾಗಿ ಯಾವ ಒಂದು ಬಂಧವೂ ಸಡಿಲವಾಗಿ ಇರುವುದಿಲ್ಲ. ಅದೇ ಎಲೆಕ್ಟ್ರಾನುಗಳೇ ಬೆಳಕಿನಲ್ಲಿ ಕೆಂಪು ಭಾಗವನ್ನು ನುಂಗುವುದು, 670ರಿಂದ 680 ನ್ಯಾನೊಮೀಟರ್ ಹತ್ತಿರ. ಕೆಂಪು ಹೋದ ಮೇಲೆ ನಮ್ಮ ಕಣ್ಣಿಗೆ ಉಳಿಯುವುದು ನೀಲಿ. ಹೊರಗಿನ 16 ಜಲಜನಕಗಳಲ್ಲಿ ಹೆಚ್ಚಿನದನ್ನು ತೆಗೆದು ಕ್ಲೋರಿನ್ ಇಟ್ಟರೆ ಹಸಿರಾಗುತ್ತದೆ. ಪೇಟೆಯ 'ಸಿಪಿಸಿ ಗ್ರೀನ್' ಅಂದರೆ ಅದು.

ಇಂಥ ವಸ್ತುವನ್ನು ಯಾರೂ ಹುಡುಕಿಕೊಂಡು ಹೋಗಲಿಲ್ಲ. ಅದೇ ಮೂರು ಸಲ ಬಂದು ಬಾಗಿಲು ತಟ್ಟಿತು. 1907ರಲ್ಲಿ ಲಂಡನ್ನಿನ ಒಂದು ಗ್ಯಾಸ್ ಕಂಪನಿಯಲ್ಲಿ ಬ್ರೌನ್ ಮತ್ತು ಚೆರ್ನಿಯಾಕ್ ಎಂಬ ಇಬ್ಬರು ಬೇರೇನನ್ನೋ ಕಾಯಿಸುವಾಗ ತಳದಲ್ಲಿ ಚೂರು ನೀಲಿ ಕಂಡರು. ಬರೆದಿಟ್ಟರು, ಅಷ್ಟೇ. 1927ರಲ್ಲಿ ಸ್ವಿಟ್ಜರ್ಲೆಂಡಿನ ಫ್ರಿಬೋರ್ಗ್‌ನಲ್ಲಿ ಡಿ ಡೀಸ್‌ಬಾಖ್ ಮತ್ತು ಫಾನ್ ಡೆರ್ ವೈಡ್ ಅವರಿಗೆ ಬೇಕಿದ್ದದ್ದು ನೈಟ್ರೈಲ್ ಅನ್ನುವ ಬಿಳಿ ವಸ್ತು, ಸಿಕ್ಕಿದ್ದು ಕಡು ನೀಲಿ ಪುಡಿ. ಅದು ಆಮ್ಲಕ್ಕೂ ಜಗ್ಗುವುದಿಲ್ಲ ಅಂತ ನೋಡಿ ಅವರಿಗೇ ಆಶ್ಚರ್ಯ. ಮೂರನೆಯ ಸಲ 1928ರಲ್ಲಿ, ಸ್ಕಾಟ್ಲೆಂಡಿನ ಗ್ರೇಂಜ್‌ಮೌತ್‌ನ ಸ್ಕಾಟಿಷ್ ಡೈಸ್ ಕಾರ್ಖಾನೆಯಲ್ಲಿ. ಥ್ಯಾಲಿಮೈಡ್ ಅನ್ನುವ ಬಿಳಿ ವಸ್ತು ಮಾಡುವ ಕಬ್ಬಿಣದ ಹಂಡೆಗೆ ಒಳಗೆ ಗಾಜಿನ ಲೇಪ ಇತ್ತು. ಲೇಪ ಎಲ್ಲೋ ಸೀಳಿತು. ಕಬ್ಬಿಣ ಹೊರಗೆ ಇಣುಕಿತು. ಬಿಳಿ ಮಾಲಿನಲ್ಲಿ ನೀಲಿ-ಹಸಿರು ಕಲೆ. ಬೇರೆ ಯಾರಾದರೂ ಆಗಿದ್ದರೆ ಹಂಡೆ ತೊಳೆದು ಹೊಸ ಲೇಪ ಹಾಕಿಸಿ ಸುಮ್ನೆ ಇರುತ್ತಿದ್ದರು. ಅಲ್ಲಿನವರು ಆ ಕಲೆಯನ್ನೇ ಹಿಡಿದು ಕೂತರು.

ಆಮೇಲೆ ಅದು ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಪ್ಯಾಟ್ರಿಕ್ ಲಿನ್‌ಸ್ಟೆಡ್ ಕೈಗೆ ಹೋಯಿತು. 1933ರಲ್ಲಿ ಅವರೇ ಥ್ಯಾಲೊಸಯನಿನ್ ಅಂತ ಹೆಸರಿಟ್ಟರು. ಕಲ್ಲೆಣ್ಣೆಗೆ ಇರುವ ಒಂದು ಗ್ರೀಕ್ ಪದ, ಕಡು ನೀಲಿಗೆ ಇನ್ನೊಂದು, ಎರಡನ್ನೂ ಹೊಲಿದ ಹೆಸರು. 1934ರಲ್ಲಿ ಅಣುವಿನ ರಚನೆ ಹೀಗಿದೆ ಅಂತ ಸಾಲಾಗಿ ಪ್ರಬಂಧಗಳನ್ನು ಬರೆದರು. ಮರುವರ್ಷವೇ ಐಸಿಐ ಕಂಪನಿ 'ಮೊನಾಸ್ಟ್ರಲ್ ಬ್ಲೂ' ಅಂತ ಮಾರಾಟಕ್ಕೆ ತಂದಿತು. ಅದೇ 1933ರ ಅಕ್ಟೋಬರಿನಲ್ಲಿ ಮುಂಬೈ ವಿಶ್ವವಿದ್ಯಾಲಯ ರಾಸಾಯನಿಕ ತಂತ್ರಜ್ಞಾನಕ್ಕೆ ಒಂದು ವಿಭಾಗ ತೆರೆಯಿತು. ಮುಂದೆ ಯುಡಿಸಿಟಿ ಅನಿಸಿಕೊಂಡು ಈಗ ಐಸಿಟಿ ಆಗಿರುವ ಮಾಟುಂಗಾದ ಸಂಸ್ಥೆ ಅದೇ. ಮಾವನ ಹೋಟೆಲಿನಲ್ಲಿ ಬೆಳಗ್ಗೆ ಇಡ್ಲಿ ತಿನ್ನುವ ಹುಡುಗರಲ್ಲಿ ಅರ್ಧ ಮಂದಿ ಅಲ್ಲಿಯವರು. ಮಾವನಿಗೆ ಅದು ಗೊತ್ತು, ಆದರೂ ನನ್ನನ್ನೇ ಕೇಳುತ್ತಾರೆ.

ಈಗ ಮಾಡುವ ಕ್ರಮ. ಸಾಮಾನು ನಾಲ್ಕೇ. ಥ್ಯಾಲಿಕ್ ಅನ್‌ಹೈಡ್ರೈಡ್ ಅನ್ನುವ ಬಿಳಿ ಚಕ್ಕೆ. ಯೂರಿಯಾ, ಹೌದು, ಗದ್ದೆಗೆ ಹಾಕುವ ಅದೇ ಯೂರಿಯಾ. ತಾಮ್ರದ ಕ್ಲೋರೈಡ್. ಒಗ್ಗರಣೆಗೆ ಇಂಗು ಹಾಕುವಷ್ಟು ಅಮೋನಿಯಂ ಮಾಲಿಬ್ಡೇಟ್. ಇವನ್ನು ಕುದಿಬಿಂದು ಜಾಸ್ತಿ ಇರುವ ಒಂದು ದ್ರಾವಕದಲ್ಲಿ ಹಾಕಿ 180ರಿಂದ 200 ಡಿಗ್ರಿಯಲ್ಲಿ ಕೆಲವು ಗಂಟೆ ಕಾಯಿಸಬೇಕು. ದ್ರಾವಕ ಇಲ್ಲದೆ ಒಣದಾಗಿ ಸುಡುವ ಪದ್ಧತಿಯೂ ಇದೆ. ಯೂರಿಯಾ ಒಡೆದು ಅಮೋನಿಯಾ ಬರುತ್ತದೆ, ಜೊತೆಗೆ ಇಂಗಾಲದ ಡೈಆಕ್ಸೈಡ್. ಹಾಲು ಉಕ್ಕಿದ ಹಾಗೆ ಇಡೀ ಮಿಶ್ರಣ ನೊರೆ ಕಟ್ಟಿ ಮೇಲೇರುತ್ತದೆ. ಮೂಗು ಕಟ್ಟುವ ವಾಸನೆ. ಬಣ್ಣ ಮೊದಲು ಹಳದಿ-ಕಂದು, ಆಮೇಲೆ ಹಸಿರು, ಆಮೇಲೆ ಇದ್ದಕ್ಕಿದ್ದಂತೆ ನೀಲಿ. ಎಷ್ಟು ಸಲ ನೋಡಿದರೂ ಆ ಗಳಿಗೆ ನನಗೆ ಬೇಸರ ಬಂದಿಲ್ಲ. (ಮನೆಯಲ್ಲಿ ಮಾಡುವ ಕೆಲಸ ಅಲ್ಲ ಇದು, ಹೇಳಿಬಿಡುತ್ತೇನೆ.)

ಒಳಗೆ ನಡೆಯುವುದು ಹೀಗೆ. ಅಮೋನಿಯಾದ ಸಾರಜನಕ ಅನ್‌ಹೈಡ್ರೈಡಿನ ಆಮ್ಲಜನಕಗಳನ್ನು ಒಂದೊಂದಾಗಿ ಒದ್ದು ಆ ಜಾಗದಲ್ಲಿ ಕೂರುತ್ತದೆ. ಮೂರೂ ಜಾಗಕ್ಕೆ ಸಾರಜನಕ ಬಂದ ಮೇಲೆ ಸಿಗುವುದು ಡೈಇಮಿನೊಐಸೊಇಂಡೊಲಿನ್. ಹೂವಿನ ಒಂದು ದಳ ಅಂತ ಇಟ್ಟುಕೊಳ್ಳಿ. ಇಂಥ ನಾಲ್ಕು ದಳ ತಾಮ್ರದ ಸುತ್ತ ಕೈಹಿಡಿದು ನಿಲ್ಲುತ್ತವೆ. ತಾಮ್ರ ಇಲ್ಲಿ ಬರೀ ಅತಿಥಿಯಲ್ಲ, ಪೂಜೆಗೆ ಕಲಶ ಇಟ್ಟು ಸುತ್ತ ಮಂಡಲ ಬರೆಯುತ್ತಾರಲ್ಲ, ಹಾಗೆ. ನಡುವೆ ಅದಿದ್ದರೆ ಸುತ್ತಿನದು ನೆಟ್ಟಗೆ ಕೂರುತ್ತದೆ. ಲೆಕ್ಕ ಕೇಳುವವರಿಗೆ: 592 ಗ್ರಾಂ ಥ್ಯಾಲಿಕ್ ಅನ್‌ಹೈಡ್ರೈಡ್, 99 ಗ್ರಾಂ ತಾಮ್ರದ ಕ್ಲೋರೈಡ್ (ಕ್ಯುಪ್ರಸ್ ಅನ್ನುವ ಬಗೆ), ಎಲ್ಲವೂ ಸರಿಯಾಗಿ ನಡೆದರೆ 576 ಗ್ರಾಂ ನೀಲಿ. ಯೂರಿಯಾ ಲೆಕ್ಕಕ್ಕಿಂತ ಜಾಸ್ತಿಯೇ ಹಾಕಬೇಕು, ಸುಮಾರು ಭಾಗ ಗಾಳಿಗೆ ಹೋಗುತ್ತದೆ. ಇನ್ನು ಸ್ವಲ್ಪ ಬೈಯುರೆಟ್, ಸಯನ್ಯೂರಿಕ್ ಆಮ್ಲ ಅಂತ ಬಿಳಿ ಕಸವಾಗಿ ಹಂಡೆಯಲ್ಲೇ ಉಳಿಯುತ್ತದೆ.

ಮೋಸ ಆಗುವುದು ಇಲ್ಲೇ. ಈ ನೀಲಿಗೆ ಬಣ್ಣದ ಶಕ್ತಿ ಎಷ್ಟೆಂದರೆ ಚಿಟಿಕೆಯಷ್ಟಿದ್ದರೂ ಹಂಡೆಯೆಲ್ಲ ನೀಲಿ. ಅರ್ಧ ಕಸ ಇದ್ದರೂ ಕಣ್ಣಿಗೆ ಗೊತ್ತಾಗುವುದಿಲ್ಲ. ವಿದ್ಯಾರ್ಥಿಯಾಗಿದ್ದಾಗ ನಾನೂ ಹೀಗೇ ಬಿದ್ದೆ. ಮೊದಲ ಸಲ ಮಾಡಿದಾಗ ಸಿಕ್ಕ ಪುಡಿ ತೂಗಿ ನೋಡಿದರೆ ಲೆಕ್ಕದ 130 ಶೇಕಡ! ಖುಷಿಯಿಂದ ಮೇಷ್ಟ್ರಿಗೆ ತೋರಿಸಿದೆ. ಅವರು ಕೇಳಿದ್ದು ಒಂದೇ ಮಾತು, "ತೊಳೆದೆಯಾ?" ಬಿಸಿ ದುರ್ಬಲ ಆಮ್ಲದಲ್ಲಿ ತೊಳೆದೆ, ಹೆಚ್ಚುವರಿ ತಾಮ್ರ ಹಸಿರು ನೀರಾಗಿ ಹೋಯಿತು. ಬಿಸಿ ಕ್ಷಾರದಲ್ಲಿ ತೊಳೆದೆ, ಉಳಿದ ಥ್ಯಾಲಿಕ್ ಸಾಮಾನೂ ಸಯನ್ಯೂರಿಕ್ ಆಮ್ಲವೂ ಹೋದವು. ಬಿಸಿ ನೀರು, ಕೊನೆಗೆ ಅಸಿಟೋನ್. ಉಳಿದದ್ದು ಅರ್ಧಕ್ಕಿಂತ ಸ್ವಲ್ಪ ಮೇಲೆ. ಬಣ್ಣ ಮಾತ್ರ ಮೊದಲಿನ ಹಾಗೇ ಇತ್ತು.

ಇನ್ನೂ ಶುದ್ಧ ಬೇಕಾದರೆ ಎರಡು ದಾರಿ. ಒಂದು, ನಿರ್ವಾತದಲ್ಲಿ 400 ಡಿಗ್ರಿಗೂ ಮೇಲೆ ಕಾಯಿಸಿದರೆ ಕರ್ಪೂರದ ಹಾಗೆ ಕರಗದೇ ಆವಿಯಾಗುತ್ತದೆ, ತಣ್ಣಗಿನ ಜಾಗದಲ್ಲಿ ನೇರಳೆ ಹೊಳಪಿನ ಸೂಜಿಗಳಾಗಿ ಕೂರುತ್ತದೆ. ಇನ್ನೊಂದು ನೋಡಲು ಮಜಾ. ಗಟ್ಟಿ ಗಂಧಕಾಮ್ಲದಲ್ಲಿ ನೀಲಿ ಪುಡಿ ಕರಗಿಸಿದರೆ ನೀಲಿ ಮಾಯ, ಕೊಳೆ ಹಸಿರು ದ್ರಾವಣ. ಅದನ್ನು ಮಂಜುಗಡ್ಡೆ ನೀರಿಗೆ ಸುರಿದರೆ ತಕ್ಷಣ ನೀಲಿ ವಾಪಸ್. ಆಮ್ಲದಲ್ಲಿ ಸೇತುವೆಯ ಸಾರಜನಕಗಳಿಗೆ ಪ್ರೋಟಾನ್ ಅಂಟಿಕೊಂಡಿರುತ್ತದೆ, ನೀರಿಗೆ ಬಿದ್ದೊಡನೆ ಬಿಟ್ಟುಹೋಗುತ್ತದೆ. ಕಾರ್ಖಾನೆಯಲ್ಲಿ ಇದಕ್ಕೆ ಆಸಿಡ್ ಪೇಸ್ಟಿಂಗ್ ಅನ್ನುತ್ತಾರೆ. ಹೀಗೆ ಬಂದ ಸಣ್ಣ ಕಣಗಳು ಆಲ್ಫಾ ರೂಪ, ಸ್ವಲ್ಪ ಕೆಂಪು ಛಾಯೆಯ ನೀಲಿ. ಹಂಡೆಯಿಂದ ಇಳಿಸಿದ ಒರಟು ಮಾಲು ಬೀಟಾ ರೂಪ, ಹಸಿರು ಛಾಯೆಯದು. ಅಣು ಒಂದೇ, ಪೇರಿಸಿದ ರೀತಿ ಬೇರೆ. ಬಟ್ಟೆ ಅಂಗಡಿಯಲ್ಲಿ ಅದೇ ಸೀರೆಗಳನ್ನು ನೇರ ಪೇರಿಸಿದರೂ ಓರೆಯಾಗಿ ಪೇರಿಸಿದರೂ ರಾಶಿಯ ನೋಟ ಬೇರೆ ಆಗುತ್ತದಲ್ಲ, ಹಾಗೆ. ಛಾಪಖಾನೆಗೆ ಬೀಟಾ ಬೇಕು. ಆಲ್ಫಾ ಕೊಟ್ಟರೆ ಶಾಯಿಯ ದ್ರಾವಕದಲ್ಲಿ ನಿಧಾನಕ್ಕೆ ತಾನೇ ಬೀಟಾ ಆಗಿಬಿಡುತ್ತದೆ, ಛಾಯೆ ಕೆಡುತ್ತದೆ, ಗಿರಾಕಿ ಫೋನ್ ಮಾಡುತ್ತಾನೆ.

ಈ ತೊಳೆದ ನೀರೆಲ್ಲ ಎಲ್ಲಿ ಹೋಗುತ್ತದೆ ಅಂತ ಕೇಳಬೇಕು. ಅದರಲ್ಲಿ ತಾಮ್ರ ಇದೆ, ಅಮೋನಿಯಾ ಇದೆ, ಆಮ್ಲ ಇದೆ. ಸಂಸ್ಕರಿಸದೆ ಬಿಟ್ಟರೆ ನದಿ ಹಾಳು. 2017ರ ಆಗಸ್ಟಿನಲ್ಲಿ ನವಿ ಮುಂಬೈನ ತಳೋಜಾದಲ್ಲಿ ಬೀದಿನಾಯಿಗಳು ನೀಲಿಯಾದ ಫೋಟೊ ಎಲ್ಲ ಕಡೆ ಓಡಾಡಿತು, ನೆನಪಿರಬಹುದು. ಅಲ್ಲಿನ ಕಾಸಾಡಿ ನದಿಗೆ ಬಣ್ಣ ಸೇರುತ್ತಿದೆ ಅಂತ ದೂರು ಎದ್ದು, ಮಾಲಿನ್ಯ ನಿಯಂತ್ರಣ ಮಂಡಳಿ ಒಂದು ಕಾರ್ಖಾನೆಯನ್ನು ಮುಚ್ಚಿಸಿತು. ನಮ್ಮ ಉದ್ಯೋಗದವರು ಆ ಫೋಟೊ ನೋಡಿ ನಗಲಿಲ್ಲ.

ಇಷ್ಟು ಬಿಡಿ ಅಣುವಿನ ಕಥೆ. ಇದನ್ನೇ ಪಾಲಿಮರ್, ಅಂದರೆ ಅಣುವಿಗೆ ಅಣು ಹೊಲಿದ ಉದ್ದ ಸರಪಳಿಯೋ ಹಾಳೆಯೋ ಮಾಡಬಹುದಾ? ಮಾಡಬಹುದು, ಮುಖ್ಯವಾಗಿ ಮೂರು ರೀತಿಯಲ್ಲಿ.

ಒಂದು ಕೌದಿ ಹೊಲಿದ ಹಾಗೆ. ಥ್ಯಾಲಿಕ್ ಅನ್‌ಹೈಡ್ರೈಡಿಗೆ ಒಂದು ಕಡೆ ಮಾತ್ರ ಕೈ ಇದೆ. ಪೈರೊಮೆಲ್ಲಿಟಿಕ್ ಡೈಅನ್‌ಹೈಡ್ರೈಡ್ ಎಂಬುದಕ್ಕೆ ಬೆಂಜೀನಿನ ಎರಡೂ ಕಡೆ ಕೈ. ಒಂದು ಕೈ ಈ ಹೂವಿಗೆ ದಳವಾಗುತ್ತದೆ, ಇನ್ನೊಂದು ಕೈ ಪಕ್ಕದ ಹೂವಿಗೆ. ಹೀಗೆ ನಾಲ್ಕೂ ದಿಕ್ಕಿಗೆ ಹರಡುತ್ತ ಹೋದರೆ ಒಂದು ಹಾಳೆ. ಪಕ್ಕದ ಹೂವು ಸಿಗದ ಕೈ ಅಂಚಿನಲ್ಲಿ ಆಮ್ಲ ಗುಂಪಾಗಿ ಉಳಿಯುತ್ತದೆ. ಅದೇ ಯೂರಿಯಾ, ಅದೇ ತಾಮ್ರ, ಅದೇ ಬಿಸಿ.

ಎರಡನೆಯದು ಇಡ್ಲಿ ಸ್ಟ್ಯಾಂಡ್. ನಡುವೆ ತಾಮ್ರದ ಬದಲು ಸಿಲಿಕಾನ್ ಇಟ್ಟರೆ ಅದಕ್ಕೆ ಮೇಲೊಂದು ಕೆಳಗೊಂದು ಕೈ ಉಳಿಯುತ್ತದೆ. ಅಲ್ಲಿ ಹೈಡ್ರಾಕ್ಸಿಲ್ ಗುಂಪು ಇಟ್ಟು ಕಾಯಿಸಿದರೆ ನೀರು ಬಿಟ್ಟು ಒಂದರ ಮೇಲೊಂದು ಕೂತುಕೊಳ್ಳುತ್ತವೆ. ಸಿಲಿಕಾನ್, ಆಮ್ಲಜನಕ, ಸಿಲಿಕಾನ್ ಅಂತ ನಡುಗಂಬ. ಅದಕ್ಕೆ ಸಿಕ್ಕಿಸಿದ ತಟ್ಟೆಗಳು ಥ್ಯಾಲೊಸಯನಿನ್. ಅಮೆರಿಕದವರು ಇದನ್ನು ಕಬಾಬಿನ ಕಡ್ಡಿಗೆ ಹೋಲಿಸುತ್ತಾರೆ. ಮಾಟುಂಗಾದಲ್ಲಿ ಇಡ್ಲಿ ಸ್ಟ್ಯಾಂಡೇ ಸರಿ.

ಮೂರನೆಯದರಲ್ಲಿ ನಮ್ಮ ಕಡೆಯವರ ಕೈ ಇದೆ. 4-ನೈಟ್ರೊಥ್ಯಾಲಿಕ್ ಆಮ್ಲದಿಂದ ಶುರು ಮಾಡಿದರೆ ನಾಲ್ಕು ದಳದಲ್ಲೂ ಒಂದೊಂದು ನೈಟ್ರೊ ಗುಂಪು ಸಿಗುತ್ತದೆ. ಸೋಡಿಯಂ ಸಲ್ಫೈಡಿನಿಂದ ಅದನ್ನು ಅಮೀನ್ (ಸಾರಜನಕಕ್ಕೆ ಜಲಜನಕ ಅಂಟಿದ ಗುಂಪು) ಮಾಡಬಹುದು. ಆಗ ನಾಲ್ಕು ಕೈ ಚಾಚಿದ ಒಂದು ಅಣು. ಈ ಕೈಗಳನ್ನು ಡೈಅನ್‌ಹೈಡ್ರೈಡಿಗೆ ಕೊಟ್ಟರೆ ಇಮೈಡ್ ಪಾಲಿಮರ್, ಎಪಾಕ್ಸಿ ಅಂಟಿಗೆ ಕೊಟ್ಟರೆ ಅಂಟು ಗಟ್ಟಿಯಾಗುತ್ತದೆ. 1980ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾಲಯದ ಬಿ. ಎನ್. ಆಚಾರ್ ಅವರು ನಾಸಾದ ಏಮ್ಸ್ ಕೇಂದ್ರದ ಫೋಲೆನ್ ಮತ್ತು ಪಾರ್ಕರ್ ಜೊತೆ ಸೇರಿ ಈ ಅಮೀನುಗಳ ಮೇಲೆ, ಅವುಗಳಿಂದ ಬಿಸಿ ತಡೆಯುವ ಪಾಲಿಮರ್ ಮಾಡುವುದರ ಮೇಲೆ ಕೆಲಸ ಮಾಡಿದರು. ಮಾನಸಗಂಗೋತ್ರಿಯ ಲ್ಯಾಬಿಗೂ ಕ್ಯಾಲಿಫೋರ್ನಿಯಾದ ನಾಸಾಕ್ಕೂ ನಡುವೆ ನೀಲಿ ಪುಡಿಯ ನಂಟು. 

ಪಾಲಿಮರ್ ಆಯಿತು ಅನ್ನೋಣ. ನಿಜವಾಗಿ ಆಯಿತಾ? ಬಿಡಿ ಅಣುವೂ ನೀಲಿ, ಪಾಲಿಮರೂ ನೀಲಿ-ಕಪ್ಪು. ಎರಡೂ ಕರಗುವುದಿಲ್ಲ, ಎರಡೂ ಸೋಲದ ಹಟಮಾರಿಗಳು. ಮಾಮೂಲಿ ಪಾಲಿಮರ್ ಆದರೆ ಕರಗಿಸಿ, ದ್ರಾವಣ ಎಷ್ಟು ದಪ್ಪ ಅಂತ ನೋಡಿ ಸರಪಳಿಯ ಉದ್ದ ಹೇಳಬಹುದು. ಇಲ್ಲಿ ಆ ದಾರಿ ಬಂದ್. ಹಿಂದೆ ಹಲವರು 'ಹಾಳೆ ಪಾಲಿಮರ್' ಅಂತ ಪ್ರಕಟಿಸಿದ್ದು ಎಷ್ಟೋ ಸಲ ಎಂಟು ಆಮ್ಲ ಗುಂಪಿನ ಬಿಡಿ ಅಣು, ಇಲ್ಲವೇ ಎರಡು ಮೂರು ಹೂವಿನ ಸಣ್ಣ ತುಂಡು ಮಾತ್ರ ಆಗಿತ್ತು. ಹಾಗಾಗಿ ಸುತ್ತಿ ಬಳಸಿ ಸಾಕ್ಷಿ ಕೂಡಿಸಬೇಕು. ಪೊಲೀಸರ ಕೆಲಸದ ಹಾಗೆ: ಒಂದು ಸಾಕ್ಷಿಯ ಮಾತು ಸಾಲದು.

ನನಗೆ ಇಷ್ಟವಾದದ್ದು ತಾಮ್ರದ ಲೆಕ್ಕ. ಕಾಗದ ಪೆನ್ಸಿಲ್ ಸಾಕು. ಎಂಟು ಕಾರ್ಬಾಕ್ಸಿಲಿಕ್ ಆಮ್ಲ ಗುಂಪಿನ ಬಿಡಿ ಹೂವಿನಲ್ಲಿ ತಾಮ್ರ ತೂಕದ 6.8 ಶೇಕಡ. ಎರಡಡ್ಡ ಎರಡುದ್ದ, ಅಂದರೆ ನಾಲ್ಕು ಹೂವಿನ ಚೌಕದಲ್ಲಿ 9.4. ಕೊನೆಯೇ ಇಲ್ಲದ ಹಾಳೆಯಲ್ಲಿ 15.1. ಯಾಕೆ ಏರುತ್ತದೆ? ಹಾಳೆ ದೊಡ್ಡದಾದಷ್ಟೂ ಅಂಚು ಕಮ್ಮಿ. ಅಂಚಿನಲ್ಲಿ ಮಾತ್ರ ಆಮ್ಲ ಗುಂಪು ಉಳಿಯುವುದು. ಒಂದು ಹೂವಿಗೆ ಖಾಲಿ ಅಂಚು ನಾಲ್ಕು. ನಾಲ್ಕು ಹೂವಿನ ಚೌಕಕ್ಕೆ ಎಂಟು, ಅಂದರೆ ಹೂವಿಗೆ ಎರಡರಂತೆ. ಒಂಬತ್ತರ ಚೌಕಕ್ಕೆ ಹನ್ನೆರಡು, ಹೂವಿಗೆ ಒಂದೂವರೆಯೂ ಇಲ್ಲ, 1.33. ನೂರರ ಚೌಕಕ್ಕೆ 0.4. ಕೌದಿ ಹೊಲಿಯುವ ಅಜ್ಜಿಗೆ ಗೊತ್ತಿರುವ ಲೆಕ್ಕ ಇದು: ಕೌದಿ ದೊಡ್ಡದಾದಂತೆ ಒಳಗಿನ ತುಂಡು ಜಾಸ್ತಿ, ಅಂಚಿನ ಪಟ್ಟಿ ಅದಕ್ಕೆ ತಕ್ಕಷ್ಟು ಬೆಳೆಯುವುದಿಲ್ಲ.

ಪುಡಿಯನ್ನು ಗಟ್ಟಿ ಆಮ್ಲಗಳಲ್ಲಿ ಕುದಿಸಿ ಸಾವಯವ ಭಾಗ ಪೂರ್ತಿ ಸುಟ್ಟು, ಉಳಿದ ತಾಮ್ರ ಅಳೆದರೆ ಸಂಖ್ಯೆ ಸಿಗುತ್ತದೆ. ಆದರೆ ಇಲ್ಲೂ ಮೋಸ ಇದೆ. ತೊಳೆಯುವಾಗ ಬಿಟ್ಟುಹೋದ ತಾಮ್ರದ ಲವಣ ಸಂಖ್ಯೆಯನ್ನು ಮೇಲೆ ಒಯ್ಯುತ್ತದೆ, ಆಗ ಹಾಳೆ ದೊಡ್ಡದಿದೆ ಅಂತ ಭ್ರಮೆ. ಹೀರಿಕೊಂಡ ನೀರು ಸಂಖ್ಯೆಯನ್ನು ಕೆಳಗೆ ತರುತ್ತದೆ.

ಇನ್‌ಫ್ರಾರೆಡ್ ಬೆಳಕಿನ ಪರೀಕ್ಷೆ ಎರಡನೆಯ ಸಾಕ್ಷಿ. ಪ್ರತಿ ಬಂಧಕ್ಕೂ ತನ್ನದೇ ಕುಣಿತ, ತನ್ನದೇ ತಾಳ. ಅನ್‌ಹೈಡ್ರೈಡ್ ಉಳಿದಿದ್ದರೆ 1850 ಮತ್ತು 1770 ಆಸುಪಾಸಿನಲ್ಲಿ ಜೋಡಿ ಗೆರೆ ಕಾಣುತ್ತದೆ (ಈ ಸಂಖ್ಯೆಗಳೆಲ್ಲ ಒಂದು ಸೆಂಟಿಮೀಟರಿಗೆ ಎಷ್ಟು ಅಲೆ ಅನ್ನುವ ಲೆಕ್ಕ). ಅನ್‌ಹೈಡ್ರೈಡಿನ ಬದಲು ನೈಟ್ರೈಲಿನಿಂದ ಶುರು ಮಾಡಿದ್ದು ಅದು ಉಳಿದಿದ್ದರೆ 2230ರ ಹತ್ತಿರ ಚೂಪು ಗೆರೆ. ಅವು ಮಾಯವಾಗಿ 730, 1090, 1120ರ ಸುತ್ತ ಹೊಸ ಗೆರೆ ಬಂದರೆ ಉಂಗುರ ಕಟ್ಟಿದೆ ಅಂತ ಅರ್ಥ. ನಡುವೆ ಲೋಹ ಕೂರದೆ ಜಲಜನಕ ಉಳಿದಿದ್ದರೆ 3280ರ ಹತ್ತಿರ ಸಾರಜನಕ-ಜಲಜನಕದ ಗೆರೆ ತಲೆ ಎತ್ತುತ್ತದೆ. ಅಂಚಿನ ಗುಂಪಿನ ಗೆರೆ ಎಷ್ಟು ಕುಗ್ಗಿದೆ ಅನ್ನುವುದರಿಂದ ಹಾಳೆಯ ಗಾತ್ರವನ್ನೂ ಊಹಿಸಬಹುದು.

ಹೇಳುವುದು ಸುಲಭ, ಮುಂಬೈಯ ಜುಲೈಯಲ್ಲಿ ಮಾಡಿ ನೋಡಿ. ಪುಡಿಯನ್ನು ಪೊಟ್ಯಾಸಿಯಂ ಬ್ರೋಮೈಡ್ ಉಪ್ಪಿನ ಜೊತೆ ಅರೆದು ಬಿಲ್ಲೆ ಒತ್ತಬೇಕು. ಆ ಉಪ್ಪು ಗಾಳಿಯ ನೀರು ಕುಡಿಯುತ್ತದೆ. ಹೊರಗೆ ತಾಡಪತ್ರಿಯ ಮೇಲೆ ಮಳೆ, ಒಳಗೆ ಬಿಲ್ಲೆ ಮಂಜಾಗಿ ಕೂತಿರುತ್ತದೆ, ಯಂತ್ರ ಬರೆದ ಕಾಗದದ ಮೇಲೆ 3400ರಲ್ಲಿ ನೀರಿನ ದೊಡ್ಡ ಹೊಟ್ಟೆ. ಹೊಸದಾಗಿ ಬಂದ ಹುಡುಗರು ಅದನ್ನು ನೋಡಿ ಅಮೀನ್ ಇದೆ ಅಂತ ಬರೆದುಬಿಡುತ್ತಾರೆ. ಇರುವುದು ಮಳೆಗಾಲ.

ಗೋಚರ ಬೆಳಕಿನ ರೋಹಿತ ಇನ್ನೊಂದು ಸಾಕ್ಷಿ. ಲೋಹ ಕೂತ ಅಣು ಚೌಕಾಕಾರ, ನಾಲ್ಕೂ ಕಡೆ ಒಂದೇ ಥರ. ಹಾಗಾಗಿ ಕೆಂಪು ಭಾಗದಲ್ಲಿ ಒಂದೇ ದೊಡ್ಡ ಶಿಖರ. ಲೋಹ ಇಲ್ಲದಿದ್ದರೆ ಎರಡು ಜಲಜನಕ ಎದುರುಬದುರು ಕೂತು ಚೌಕದ ಸಮ ಕೆಡಿಸುತ್ತವೆ, ಶಿಖರ ಎರಡಾಗಿ ಸೀಳುತ್ತದೆ. ಲೋಹ ಕೂತಿದೆಯಾ ಇಲ್ಲವಾ ಅನ್ನಲು ಇದಕ್ಕಿಂತ ಚಂದದ ಸುಳಿವು ನಾನು ಕಂಡಿಲ್ಲ. ಕರಗದ ಪಾಲಿಮರನ್ನು ಗಟ್ಟಿ ಗಂಧಕಾಮ್ಲದಲ್ಲೇ ನೋಡಬೇಕು. ಅಲ್ಲಿ ತಾಮ್ರದ ಬಿಡಿ ಅಣುವಿನ ಶಿಖರ 790 ನ್ಯಾನೊಮೀಟರ್ ಹತ್ತಿರ ಜರುಗಿರುತ್ತದೆ. ಪಾಲಿಮರಿನದು ಚೂಪು ಕಳೆದುಕೊಂಡು ಅಗಲವಾಗಿ ಹರಡಿರುತ್ತದೆ, ಬೇರೆ ಬೇರೆ ಗಾತ್ರದ ತುಂಡುಗಳು ಒಟ್ಟಿಗೆ ಇರುವುದರಿಂದ.

ಕಾಂತದ ಪರೀಕ್ಷೆ ಹಳೆಯ ಕಾಲದ್ದು, ಆದರೆ ಪ್ರಾಮಾಣಿಕ. ಪುಡಿ ತುಂಬಿದ ನಳಿಗೆಯನ್ನು ತಕ್ಕಡಿಯಿಂದ ಕಾಂತದ ನಡುವೆ ತೂಗುಬಿಡುತ್ತಾರೆ. ತಾಮ್ರದಲ್ಲಿ ಜೋಡಿಯಿಲ್ಲದ ಎಲೆಕ್ಟ್ರಾನ್ ಒಂದು, ಲೆಕ್ಕದ ಬೆಲೆ 1.73 ಬೋರ್ ಮ್ಯಾಗ್ನೆಟಾನ್ (ಅಣುವಿನ ಕಾಂತಶಕ್ತಿಯ ಅಳತೆ ಅದು). ಈ ಚಪ್ಪಟೆ ಚೌಕದಲ್ಲಿ ಕೂತ ನಿಕಲ್‌ಗೆ ಸೊನ್ನೆ. ನಿಕಲ್ ಥ್ಯಾಲೊಸಯನಿನ್ ಅಂತ ಹೇಳಿದ್ದು ಕಾಂತದ ಕಡೆ ಎಳೆದರೆ ಒಳಗೆ ಕಬ್ಬಿಣವೋ ತೊಳೆಯದ ನಿಕಲ್ ಲವಣವೋ ಇದೆ.

ಬಿಸಿ ಮಾಡುತ್ತ ತೂಕ ನೋಡುವ ಯಂತ್ರವೂ ಇದೆ, ಟಿಜಿಎ ಅನ್ನುತ್ತೇವೆ. ಸಾರಜನಕದ ಹರಿವಿನಲ್ಲಿ ಈ ವಸ್ತುಗಳು 500 ಡಿಗ್ರಿವರೆಗೂ ಹೆಚ್ಚುಕಡಿಮೆ ಅಲುಗಾಡುವುದಿಲ್ಲ. ಆದರೆ ಬಿಡಿ ಅಣುವಿನ ತೂಕ ಇಳಿದರೆ ಅದು ಒಡೆಯಿತು ಅಂತ ತಿಳಿಯಬೇಡಿ, ಕರ್ಪೂರದ ಹಾಗೆ ಹಾರಿಹೋಗಿರಬಹುದು. ಪಾಲಿಮರ್ ಹಾರಲಾರದು, ಅಷ್ಟು ಭಾರ. ಆದ್ದರಿಂದ ನಿರ್ವಾತದಲ್ಲಿ ಕಾಯಿಸಿ ಏನೂ ಮೇಲೇರದಿದ್ದರೆ ಪಾಲಿಮರಿನ ಪರವಾಗಿ ಒಂದು ಒಳ್ಳೆಯ ಸಾಕ್ಷಿ. ಎಕ್ಸ್-ರೇ ಪುಡಿ ಪರೀಕ್ಷೆಯಲ್ಲಿ ಬೀಟಾ ತಾಮ್ರದ ನೀಲಿಗೆ 7 ಮತ್ತು 9.2 ಡಿಗ್ರಿ (ಇದು ಕೋನ, ಬಿಸಿಯಲ್ಲ) ಹತ್ತಿರ ಎರಡು ಚೂಪು ಶಿಖರ. ಹಾಳೆ ಪಾಲಿಮರ್ ಅಷ್ಟು ಶಿಸ್ತಿನದ್ದಲ್ಲ, 26-27 ಡಿಗ್ರಿ ಸುತ್ತ ಒಂದು ಅಗಲ ದಿಬ್ಬ ಅಷ್ಟೇ. ಹಾಳೆಯ ಮೇಲೆ ಹಾಳೆ ಸುಮಾರು 3.4 ಆಂಗ್‌ಸ್ಟ್ರಾಮ್, ಅಂದರೆ 0.34 ನ್ಯಾನೊಮೀಟರ್ ಅಂತರದಲ್ಲಿ ಬಿದ್ದಿದೆ ಅನ್ನುವ ಗುರುತು ಅದು. ಅಂದ ಹಾಗೆ, ಎಕ್ಸ್-ರೇಗೆ ಈ ಅಣುವಿನ ಋಣ ದೊಡ್ಡದು. 1930ರ ದಶಕದಲ್ಲಿ ಮಾಂಟೀತ್ ರಾಬರ್ಟ್‌ಸನ್ ಲೋಹ ಇಲ್ಲದ ಹರಳನ್ನೂ ನಿಕಲ್ ಇರುವ ಹರಳನ್ನೂ ಹೋಲಿಸಿ, ಪರಮಾಣುಗಳು ಎಲ್ಲಿವೆ ಅಂತ ಮೊದಲೇ ಊಹೆ ಇಟ್ಟುಕೊಳ್ಳದೆ ನೇರವಾಗಿ ಕಂಡರು. ಲಿನ್‌ಸ್ಟೆಡ್ ಬರೆದ ಚಿತ್ರ ಹಾಗೇ ಕಾಣಿಸಿತು.

ಇಷ್ಟೆಲ್ಲ ಕಷ್ಟ ಯಾತಕ್ಕೆ? ಬರೀ ಬಣ್ಣಕ್ಕಾದರೆ ಪಾಲಿಮರ್ ಬೇಕಾಗಿಲ್ಲ. 1948ರಲ್ಲೇ ಬ್ರಿಟನ್ನಿನ ಎಲಿ, ಸೋವಿಯತ್ತಿನ ವರ್ತನ್ಯಾನ್ ಬೇರೆ ಬೇರೆಯಾಗಿ ಇದು ಅರೆವಾಹಕ ಅಂತ ತೋರಿಸಿದ್ದರು. 1986ರಲ್ಲಿ ಕೊಡಾಕ್‌ನ ಚಿಂಗ್ ಟಾಂಗ್ ತಾಮ್ರದ ಥ್ಯಾಲೊಸಯನಿನ್ ಒಂದು ಪದರ, ಪೆರಿಲೀನ್ ಒಂದು ಪದರ ಇಟ್ಟು ಸುಮಾರು 1 ಶೇಕಡ ದಕ್ಷತೆಯ ಸೌರಕೋಶ ಮಾಡಿದರು. ಹಲವು ಲೇಸರ್ ಪ್ರಿಂಟರುಗಳ ಡ್ರಮ್ಮಿನ ಲೇಪದಲ್ಲಿ ಇದರ ಟೈಟಾನಿಯಂ ತಮ್ಮ ಇದ್ದಾನೆ. ಪೆಟ್ರೋಲು, ಎಲ್‌ಪಿಜಿ ಶುದ್ಧ ಮಾಡುವ ಒಂದು ಪ್ರಸಿದ್ಧ ವಿಧಾನದಲ್ಲಿ ನಾರುವ ಗಂಧಕದ ವಸ್ತುಗಳನ್ನು ಪಳಗಿಸುವುದು ಕೋಬಾಲ್ಟ್ ಥ್ಯಾಲೊಸಯನಿನ್. ಹಾಳೆಯಾಗಿ ಹೊಲಿದರೆ ಎಲೆಕ್ಟ್ರಾನ್ ಹೂವಿನಿಂದ ಹೂವಿಗೆ ಹಾಯುತ್ತದೆ, ವಿದ್ಯುತ್ ಬಿಡಿ ಅಣುವಿಗಿಂತ ಎಷ್ಟೋ ಪಟ್ಟು ಚೆನ್ನಾಗಿ ಹರಿಯುತ್ತದೆ. ಆ ಅಳತೆಯಲ್ಲೂ ಉಳಿದ ಆಮ್ಲ, ಉಳಿದ ನೀರು ಸುಳ್ಳು ಸಾಕ್ಷಿ ಹೇಳುತ್ತವೆ. ಮತ್ತೆ ಹೋಗಿ ತೊಳೆಯಬೇಕು.

ಹೋದ ಭಾನುವಾರ ಮೂರು ಸಣ್ಣ ಶೀಶೆ ಜೇಬಿನಲ್ಲಿಟ್ಟುಕೊಂಡು ಮಾವನ ಗಲ್ಲೆಗೆ ಹೋದೆ. ಒಂದರಲ್ಲಿ ಶುದ್ಧ ಬಿಡಿ ಅಣು, ಒಂದರಲ್ಲಿ ತೊಳೆಯದ ಮಾಲು, ಒಂದರಲ್ಲಿ ಪಾಲಿಮರ್. ಮಾವ ಕನ್ನಡಕ ಏರಿಸಿ, ಒಂದೊಂದನ್ನೇ ಬೆಳಕಿಗೆ ಹಿಡಿದು, ಅಲ್ಲಾಡಿಸಿ, ಮತ್ತೆ ಸಾಲಾಗಿ ಇಟ್ಟರು.

"ಎಲ್ಲ ಒಂದೇ ಅಲ್ವಾ ಮಾರಾಯ?"

"ನಡುವಿನದರಲ್ಲಿ ಅರ್ಧ ಕಸ, ಮಾವ."

ಅವರು ನಡುವಿನ ಶೀಶೆಯನ್ನೇ ಇನ್ನೊಮ್ಮೆ ಎತ್ತಿದರು. "ನೋಡ್ಲಿಕ್ಕೆ ಇದೇ ಚಂದ ಉಂಟಲ್ಲ!"